ಕೊಳಗ ಮೇಜಿನ ಮೇಲೆ ಬಂದ ದಿನ

ನಮ್ಮ ಸಮಾಜ ವಿಜ್ಞಾನ ನಿಕಾಯದ ಕಾರ್ಯಕ್ರಮಗಳ ಜವಾಬ್ದಾರಿ ನನ್ನ ಕೈಗೆ ಬಂದಾಗ ಒಂದು ಸಿದ್ಧ ಮಾದರಿ ಇತ್ತು. ಬೆಳಿಗ್ಗೆ ಹನ್ನೊಂದಕ್ಕೆ ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಪ್ರಾಸ್ತಾವಿಕ ಮಾತು, ಆಮೇಲೆ ಉಪನ್ಯಾಸ, ಅಧ್ಯಕ್ಷರ ಭಾಷಣ, ವಂದನಾರ್ಪಣೆ. ಊಟ. ಮಧ್ಯಾಹ್ನ ಸಾಂಸ್ಕೃತಿಕ ಕಾರ್ಯಕ್ರಮ. ಎರಡು ವರ್ಷ ನಾನೂ ಹಾಗೇ ಮಾಡಿದೆ. ಉಪನ್ಯಾಸ ಮುಗಿಯುವಾಗ ಗಂಟೆ ಒಂದೂವರೆ. ಪ್ರಶ್ನೆ ಇದ್ದರೆ ಕೇಳಿ ಅಂದರೆ ಯಾರೂ ಏಳುತ್ತಿರಲಿಲ್ಲ. ಹೊರಗೆ ಸಾರು ಕುದಿಯುವ ವಾಸನೆ ಬರುತ್ತಿತ್ತು.

ಒಂದು ಸಲ ಮಲೆನಾಡಿನ ಹೆಣ್ಣುಮಕ್ಕಳ ದುಡಿಮೆ ಬಗ್ಗೆ ಉಪನ್ಯಾಸ ಇಟ್ಟಿದ್ದೆವು. ಮಧ್ಯಾಹ್ನಕ್ಕೆ ಚಿತ್ತಾರದ ಪ್ರಾತ್ಯಕ್ಷಿಕೆ. ಸಾಗರದ ಕಡೆಯ ದೀವರ ಮನೆಯ ಹೆಂಗಸೊಬ್ಬರು ಹಾಲ್ ಹೊರಗಿನ ಜಗಲಿಯಲ್ಲಿ ಚಾಪೆ ಹಾಸಿ ಕೂತಿದ್ದರು. ಮುಂದೆ ಕೆಮ್ಮಣ್ಣು ಬಳಿದ ಬಿದಿರಿನ ಬುಟ್ಟಿ. ಪುಂಡಿ ನಾರಿನ ಕುಂಚವನ್ನು ಅಕ್ಕಿಹಿಟ್ಟಿನಲ್ಲಿ ಅದ್ದಿ ಉಸಿರು ಬಿಗಿಹಿಡಿದು ಒಂದೊಂದೇ ಎಳೆ ಎಳೆಯುತ್ತಿದ್ದರು. ಭೂಮಿ ಹುಣ್ಣಿಮೆಗೆ ಗದ್ದೆಗೆ ಚರಗ, ಅಂದರೆ ಭೂಮಿತಾಯಿಯ ಎಡೆ, ಒಯ್ಯುವ ಬುಟ್ಟಿ ಅದು. ಒಬ್ಬ ವಿದ್ಯಾರ್ಥಿನಿ, 'ಇದನ್ನ ಯಾವಾಗ ಬರೀತೀರಮ್ಮ?' ಎಂದು ಕೇಳಿದಳು. 'ಗದ್ದೆ ಕೆಲಸ, ಕೊಟ್ಟಿಗೆ ಕೆಲಸ, ಅಡುಗೆ ಎಲ್ಲ ಮುಗಿದು ಮನೆಯವರು ಮಲಗಿದ ಮೇಲೆ' ಅಂದರು. ನಾಟಿಯಿಂದ ಕೊಯ್ಲಿನವರೆಗೆ ತಮ್ಮ ದಿನ ಹೇಗೆ ಹೋಗುತ್ತದೆ ಎಂದು ಎಳೆ ಎಳೆಯುತ್ತಲೇ ಹೇಳಿದರು. ಬೆಳಗಿನ ಉಪನ್ಯಾಸದಲ್ಲಿ ನಮಗೆ ಬೇಕಾಗಿದ್ದೇ ಈ ಮಾತು. ಅದನ್ನು ಕೇಳಿಸಿಕೊಂಡವರು ಏಳೆಂಟು ಜನ. ಉಪನ್ಯಾಸ ಕೊಟ್ಟವರು ಊಟ ಮಾಡಿ ಆಗಲೇ ಹೊರಟುಹೋಗಿದ್ದರು.

ಅವತ್ತು ನನಗೆ ನಿಜಕ್ಕೂ ಬೇಸರವಾಯಿತು. ಯಾರ ಬದುಕಿನ ಬಗ್ಗೆ ಮಾತಾಡುತ್ತೇವೋ ಅವರನ್ನು ಜಗಲಿಯಲ್ಲಿ ಕೂರಿಸಿದ್ದೆ. ಮೈಕ್ ಇನ್ನೊಬ್ಬರಿಗೆ ಕೊಟ್ಟಿದ್ದೆ. ಉಪನ್ಯಾಸ ಬೇರೆ, ಸಾಂಸ್ಕೃತಿಕ ಕಾರ್ಯಕ್ರಮ ಬೇರೆ ಅನ್ನುವ ಗೋಡೆ ಒಡೆಯಬೇಕು ಎಂದು ಅಂದೇ ತೀರ್ಮಾನ ಮಾಡಿದೆ.

ದಾರಿ ಹುಡುಕಲು ದೂರ ಹೋಗಬೇಕಿರಲಿಲ್ಲ. ಹೆಗ್ಗೋಡಿನಲ್ಲಿ 1949ರಲ್ಲಿ ಶುರುವಾದ ರಂಗಸಂಸ್ಥೆ ನೀನಾಸಮ್ ಇದೆಯಲ್ಲ, ಅಲ್ಲಿನ ಅಕ್ಟೋಬರ್ ತಿಂಗಳ ಸಂಸ್ಕೃತಿ ಶಿಬಿರಕ್ಕೆ ಹೋಗಿದ್ದೆ. ರಾತ್ರಿ ನಾಟಕ ನೋಡುತ್ತಾರೆ, ಬೆಳಿಗ್ಗೆ ಕೂತು ಅದರ ಬಗ್ಗೆ ಮಾತಾಡುತ್ತಾರೆ. ಮೊದಲು ಎಲ್ಲರೂ ಒಂದನ್ನು ಕಣ್ಣಾರೆ ನೋಡಿರುತ್ತಾರೆ, ಹಾಗಾಗಿ ಎಲ್ಲರಿಗೂ ಹೇಳಲು ಏನಾದರೂ ಇರುತ್ತದೆ. ಈ ಕ್ರಮವನ್ನೇ ನಾನು ತಂದುಕೊಂಡೆ. ಮೊದಲು ವಸ್ತು ಅಥವಾ ಹಾಡು ಅಥವಾ ಒಬ್ಬರ ಅನುಭವ. ಆಮೇಲೆ ವಿದ್ವಾಂಸರ ಮಾತು.

ಹೊಸ ಕ್ರಮದಲ್ಲಿ ಮೊದಲು ಮಾಡಿದ್ದು ಕಾಗೋಡು ಸತ್ಯಾಗ್ರಹದ ಕಾರ್ಯಕ್ರಮ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿ ರೈತರು ಎದ್ದು ನಿಂತ ಕಥೆ ನಮ್ಮ ವಿದ್ಯಾರ್ಥಿಗಳಿಗೆ ಗೊತ್ತಿತ್ತು, ಆದರೆ ಪರೀಕ್ಷೆಗೆ ಓದಿದ ಹಾಗೆ ಗೊತ್ತಿತ್ತು. ಇತಿಹಾಸದ ಪ್ರಾಧ್ಯಾಪಕರೊಬ್ಬರನ್ನು ಕರೆದೆವು. ಅವರ ಜೊತೆಗೆ, ತಂದೆ ಆ ಚಳವಳಿಯಲ್ಲಿ ಜೈಲಿಗೆ ಹೋಗಿದ್ದ ಒಬ್ಬ ಅಜ್ಜಿಯನ್ನೂ ಕರೆದೆವು. 'ನಂಗೆ ಭಾಷಣ ಬರದಿಲ್ಲ' ಅಂದರು. 'ಭಾಷಣ ಬೇಡ, ಮನೆಯಲ್ಲಿ ಹಳೇ ಸಾಮಾನು ಏನಾದರೂ ಇದ್ದರೆ ತನ್ನಿ' ಎಂದೆ.

ಅವರು ಚೀಲದಲ್ಲಿ ಭತ್ತ ಅಳೆಯುವ ಕೊಳಗ ತಂದರು. ಮರದ್ದು, ಬಾಯಿಗೆ ಹಿತ್ತಾಳೆ ಪಟ್ಟಿ, ಒಳಗೆ ಕೈ ತಾಗಿ ತಾಗಿ ನುಣುಪಾಗಿತ್ತು. ಗೇಣಿ ಭತ್ತ ಅಳೆಯಲು ಜಮೀನುದಾರರು ದೊಡ್ಡ ಕೊಳಗ ಬಳಸುತ್ತಿದ್ದರು ಅನ್ನುವುದೇ ಆ ಜಗಳದ ಒಂದು ಮೂಲ. ಅಜ್ಜಿ ಭತ್ತ ತರಿಸಿದರು. ಕೊಳಗಕ್ಕೆ ಸುರಿದು, ಮೇಲೆ ಗೋಪುರದ ಹಾಗೆ ಏರಿಸಿ, 'ಕೊಡೋವಾಗ ಹಿಂಗೆ' ಅಂದರು. ಆಮೇಲೆ ಅಂಗೈಯಿಂದ ತಲೆ ಸವರಿ, 'ಸಮಾ ಅಳತೆ ಅಂದ್ರೆ ಹಿಂಗೆ' ಅಂದರು. ಮೇಜಿನ ಮೇಲೆ ಚೆಲ್ಲಿದ ಭತ್ತವನ್ನು ಒಂದು ಸ್ಟೀಲ್ ಲೋಟಕ್ಕೆ ತುಂಬಿದರು. ಲೋಟ ತುಂಬಿ ಇನ್ನೂ ಸ್ವಲ್ಪ ಉಳಿಯಿತು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಅರ್ಥಶಾಸ್ತ್ರದ ಹುಡುಗನೊಬ್ಬ ಎದ್ದು ಬೋರ್ಡಿನ ಮೇಲೆ ಲೆಕ್ಕ ಹಾಕತೊಡಗಿದ. ಒಂದು ಖಂಡುಗಕ್ಕೆ ಇಪ್ಪತ್ತು ಲೋಟ ಹೆಚ್ಚಿಗೆ, ಹತ್ತು ಖಂಡುಗಕ್ಕೆ ಇನ್ನೂರು. ಸಭೆ ಬೋರ್ಡನ್ನೇ ನೋಡುತ್ತಿತ್ತು.

ಆಗ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. 'ನಮ್ದು ಜಮೀನು ಗೇಣಿಗೆ ಕೊಡ್ತಿದ್ದ ಮನೆ. ಅಟ್ಟದ ಮೇಲೆ ನಮ್ಮಲ್ಲೂ ಒಂದು ಕೊಳಗ ಇದೆ. ಇದಕ್ಕಿಂತ ದೊಡ್ಡದು ಅನ್ಸುತ್ತೆ' ಅಂದಳು. ದನಿ ನಡುಗುತ್ತಿತ್ತು. ಯಾರೂ ಮಾತಾಡಲಿಲ್ಲ. ಅಜ್ಜಿ ಅವಳನ್ನೇ ನೋಡಿ, 'ಅದನ್ನೂ ತಗಂಡ್ ಬಾ ಮಗಾ. ಎರಡೂ ಪಕ್ಕಪಕ್ಕ ಇಟ್ಟು ನೋಡಾಣ' ಅಂದರು.

ಅದಾದ ಮೇಲೆ ಪ್ರಾಧ್ಯಾಪಕರು ಮಾತಾಡಿದ್ದು ಅರ್ಧ ಗಂಟೆ. ಎಚ್. ಗಣಪತಿಯಪ್ಪನವರ ರೈತ ಸಂಘಟನೆ, ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೆ ಒಳಗಾದದ್ದು, ಅಲ್ಲಿಂದ ದೇವರಾಜ ಅರಸರ ಕಾಲದ 1974ರ ಭೂ ಸುಧಾರಣೆವರೆಗೆ. ಪ್ರತಿ ಹೆಸರೂ ಆ ಕೊಳಗದ ಸುತ್ತ ಬಂದು ಕೂತಿತು. ಪ್ರಶ್ನೆಗಳು ಒಂದೂಕಾಲು ಗಂಟೆ ನಡೆದವು.

ಇನ್ನು ಸಣ್ಣ ವಿಷಯಗಳು. ಹಾರ, ತುರಾಯಿ, ನೆನಪಿನ ಕಾಣಿಕೆ ಬಿಟ್ಟೆವು. ಸ್ವಾಗತ, ವಂದನೆ ಎರಡೂ ಸೇರಿ ಐದು ನಿಮಿಷ. ಸಮಯ ಮಧ್ಯಾಹ್ನ ಎರಡರಿಂದ ನಾಲ್ಕೂವರೆ, ಯಾಕಂದರೆ ಹಳ್ಳಿಯಿಂದ ಬಂದವರಿಗೆ ಸಂಜೆ ಬಸ್ಸು ತಪ್ಪಬಾರದು. ತಿಂಗಳು ನೋಡಿಕೊಳ್ಳುವುದು ಇನ್ನೂ ಮುಖ್ಯ. ಜುಲೈ ಕೊನೆಯ ಪುಷ್ಯ ಮಳೆಯಲ್ಲಿ ಒಂದು ಕಾರ್ಯಕ್ರಮ ಇಟ್ಟು ಕೆಟ್ಟೆ. ಗದ್ದೆಯವರೆಲ್ಲ ನಾಟಿಯಲ್ಲಿ, ಕರೆಂಟ್ ಇಲ್ಲ, ಶೀಟಿನ ಮೇಲೆ ಬೀಳುವ ಮಳೆಯಲ್ಲಿ ಎದುರಿಗಿದ್ದವರ ಮಾತೂ ಕೇಳಲಿಲ್ಲ. ದೀಪಾವಳಿ ಆದ ಮೇಲೆ ಅಡಿಕೆ ಕೊಯ್ಲು, ತೋಟದವರು ಸಿಗುವುದಿಲ್ಲ. ಈಗ ಫೆಬ್ರವರಿ, ಮಾರ್ಚ್ ಜಾಸ್ತಿ ಇಟ್ಟುಕೊಳ್ಳುತ್ತೇನೆ.

ಸಂಭಾವನೆ ಎಲ್ಲರಿಗೂ ಒಂದೇ. ಇದರಲ್ಲಿ ನಾನು ಬಗ್ಗಲಿಲ್ಲ. ವೋಚರಿನಲ್ಲಿ ವಿದ್ಯಾರ್ಹತೆ ಎಂಬ ಕಲಂ ಇರುತ್ತದೆ. ಚಿತ್ತಾರದ ಅಮ್ಮ ಎರಡನೇ ಸಲ ಬಂದಾಗ ಆ ಕಲಂ ಖಾಲಿ ಇದೆ ಎಂದು ಕಾಗದ ವಾಪಸ್ ಬಂತು. 'ನಲವತ್ತು ವರ್ಷ ಚಿತ್ತಾರ ಬರೆದ ಅನುಭವ' ಎಂದು ತುಂಬಿ, ಜೊತೆಗೆ ಒಂದು ಪುಟದ ಟಿಪ್ಪಣಿ ಇಟ್ಟು ಕಳಿಸಿದೆ. ಮೂರು ವಾರ ಓಡಾಡಿದ ಮೇಲೆ ಪೂರ್ತಿ ಹಣ ಮಂಜೂರಾಯಿತು. ಆ ಸಲ ಅವರು ಕೂತದ್ದು ಹಾಲ್ ಒಳಗೆ, ಮೇಜಿನ ಎದುರು. ಮೊದಲ ಮಾತೂ ಅವರದೇ.

ಮುಂದಿನದು ಶರಾವತಿ ಮುಳುಗಡೆ ಬಗ್ಗೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ಊರು ಬಿಟ್ಟು ಬಂದವರ ಮನೆಯ ಒಬ್ಬರನ್ನು ಕೇಳಿಕೊಂಡಿದ್ದೇನೆ. ನಿನ್ನೆ ರಾತ್ರಿ ಅವರೇ ಫೋನ್ ಮಾಡಿದ್ದರು. 'ಸಾರ್, ಹಕ್ಕುಪತ್ರ ನಮ್ಮತ್ರ ಇಲ್ಲ. ಅಪ್ಪಯ್ಯ ಇಟ್ಟಿದ್ದ ಹಳೇ ನೋಟಿಸು ಅದೆ, ಒಂದು ಕಡೆ ಗೆದ್ದಲು ತಿಂದದೆ. ತರಲಾ?' ಅಂದರು. ತನ್ನಿ ಅಂದೆ. ಉಪನ್ಯಾಸಕ್ಕೆ ಬರುವವರಿಗೂ ಬೆಳಿಗ್ಗೆ ಫೋನ್ ಮಾಡಿ, ಮೊದಲು ಆ ನೋಟಿಸು ಓದುತ್ತೇವೆ, ಆಮೇಲೆ ನಿಮ್ಮ ಮಾತು ಎಂದು ಹೇಳಿದ್ದೇನೆ.