ಗರಿಕೆಯ ಹಸಿರು ತಿಗಣೆ: ಗುರುತು ಮತ್ತು ನೆಲೆ

ಕುಮಟಾದಿಂದ ಶಿರಸಿಯವರೆಗಿನ ಬೇಣಗಳಲ್ಲಿ, ಅಂದರೆ ಹುಲ್ಲುಗಾವಲುಗಳಲ್ಲಿ, ಮಳೆ ಹಿಂದೆ ಸರಿದ ಮೇಲೆ ಬೀಸುಬಲೆಗೆ ಸಿಗುವ ಕೀಟಗಳ ನಡುವೆ ಐದಾರು ಮಿಲಿಮೀಟರ್ ಉದ್ದದ, ಬಹಳ ಸಪೂರವಾದ ಹಸಿರು ತಿಗಣೆಯೊಂದಿದೆ. ನಮ್ಮ ಗೇರುತೋಟಗಳನ್ನು ಕಾಡುವ ಟೀ ಸೊಳ್ಳೆಯೂ ಇದೂ ಮಿರಿಡೇ ಎಂಬ ಒಂದೇ ಕುಟುಂಬದವು. ಗದ್ದೆಯಂಚಿನಲ್ಲಿ ಸಿಕ್ಕಿದ್ದನ್ನು ತೋರಿಸಿದರೆ ಭತ್ತದ ಗಂಧಿ ತಿಗಣೆಯ ಮರಿಯೆಂದು ಹೇಳುವವರೇ ಹೆಚ್ಚು. ಆದರೆ ಮರಿಗೆ ಪೂರ್ಣ ಬೆಳೆದ ರೆಕ್ಕೆ ಇರುವುದಿಲ್ಲ, ಇದಕ್ಕೆ ಇದೆ.

ನಾನು ಮೊದಲು ನೋಡುವುದೂ ರೆಕ್ಕೆಯನ್ನೇ. ಹತ್ತು ಪಟ್ಟು ಹಿಗ್ಗಿಸುವ ಮಸೂರದಡಿ, ಮುಂರೆಕ್ಕೆಯ ಗಟ್ಟಿ ಭಾಗ ಮುಗಿದು ಪಾರದರ್ಶಕ ಪೊರೆ ಆರಂಭವಾಗುವಲ್ಲಿ ಬೆಣೆಯಂಥ ತ್ರಿಕೋನದ ತುಂಡು ಕಂಡು, ನೆತ್ತಿಯ ಮೇಲೆ ಬಿಡಿಗಣ್ಣುಗಳು (ಚುಕ್ಕೆಯಂಥ ಸರಳ ಕಣ್ಣುಗಳು) ಇಲ್ಲವೆಂದಾದರೆ ಮಿರಿಡೇ ಎಂಬುದು ಬಹುಮಟ್ಟಿಗೆ ಖಚಿತ. ನೀಳ ಹಸಿರು ಮೈ, ಕೆಂಪು ಕುಡಿಮೀಸೆ ಸೇರಿದರೆ ಟ್ರೈಗೊನೊಟೈಲಸ್ ಕುಲದತ್ತ ಹೋಗಬಹುದು. ಕುಡಿಮೀಸೆಯ ಮೊದಲ ಗೆಣ್ಣಿನ ಮೇಲೆ ಉದ್ದುದ್ದ ಕೆಂಪು ಗೀರುಗಳು ಸ್ಪಷ್ಟವಾಗಿದ್ದರೆ, ಉಷ್ಣವಲಯದಲ್ಲಿ ವ್ಯಾಪಕವಾಗಿ ಹರಡಿರುವ, ಗರಿಕೆಯನ್ನು ಆಶ್ರಯಿಸುವ ಟ್ರೈಗೊನೊಟೈಲಸ್ ಟೆನುಯಿಸ್ ಇರಬಹುದೆಂದು ಬರೆದುಕೊಳ್ಳುತ್ತೇನೆ. ಆಲ್ಕೋಹಾಲಿಗೆ ಬಿದ್ದ ಮೇಲೆ ಹಸಿರೂ ಕೆಂಪೂ ಮಾಸುವುದರಿಂದ ಈ ಗೀರುಗಳ ಚಿತ್ರವನ್ನು ಕೀಟ ಜೀವಂತವಿರುವಾಗಲೇ ತೆಗೆಯಬೇಕು. ಪ್ರಭೇದ ನಿಶ್ಚಯಕ್ಕೆ ಗಂಡಿನ ಜನನಾಂಗದ ಪರೀಕ್ಷೆ ಅಗತ್ಯ. ಅದು ತಜ್ಞರ ಕೆಲಸ. ಅಲ್ಲಿಯವರೆಗೆ ನನ್ನ ದಾಖಲೆಯಲ್ಲಿ ಕುಲದ ಹೆಸರಷ್ಟೇ ಇರುತ್ತದೆ, ಚಿತ್ರ ಎಷ್ಟೇ ಚೆನ್ನಾಗಿ ಬಂದಿರಲಿ.

ಹರಡುವಿಕೆಯ ವಿಷಯ ಇದಕ್ಕಿಂತ ತೊಡಕಿನದು. ನಮ್ಮ ದಾಖಲೆಗಳನ್ನು ನಕ್ಷೆಗಿಳಿಸಿದರೆ ಚುಕ್ಕೆಗಳು ರಾಷ್ಟ್ರೀಯ ಹೆದ್ದಾರಿ 66ರ ಗುಂಟ ಸಾಲುಗಟ್ಟುತ್ತವೆ. ಅದು ತಿಗಣೆ ಬಂದ ದಾರಿಯಲ್ಲ, ನಾವು ಬೈಕ್ ನಿಲ್ಲಿಸಿದ ದಾರಿ. ಜಪಾನಿನಲ್ಲಿ ಇದೇ ಕುಟುಂಬದ ಸ್ಟೆನೋಟಸ್ ರುಬ್ರೊವಿಟ್ಟಾಟಸ್ ಪಾಳು ಗದ್ದೆಗಳ ಹುಲ್ಲನ್ನು ಆಶ್ರಯಿಸಿ ನೆಲೆ ವಿಸ್ತರಿಸಿಕೊಂಡು ಅಕ್ಕಿಯಲ್ಲಿ ಕಲೆ ಬೀಳಿಸುವ ಪೀಡೆಯಾಯಿತು. ಗದ್ದೆ ಹಡಿಲು (ಪಾಳು) ಬೀಳುತ್ತಿರುವ ನಮ್ಮ ಕರಾವಳಿಯಲ್ಲೂ ಹಾಗಾಗುತ್ತಿದೆ ಎನ್ನಲು ಮನಸ್ಸು ಎಳೆಯುತ್ತದೆ, ಪುರಾವೆ ಸಾಲದು. ಆದ್ದರಿಂದ ಕರಾವಳಿ, ದೇವಿಮನೆ ಘಟ್ಟದ ಬುಡ ಮತ್ತು ಸುಮಾರು 600 ಮೀಟರ್ ಎತ್ತರದ ಶಿರಸಿಯ ಬೇಣಗಳಲ್ಲಿ ಒಂದೇ ಹೊತ್ತಿಗೆ, ಅಷ್ಟೇ ಸಲ ಬಲೆ ಬೀಸಿ, ಏನೂ ಸಿಗದ ಜಾಗಕ್ಕೆ ಸೊನ್ನೆಯನ್ನೂ ತಪ್ಪದೆ ಬರೆಯುತ್ತೇನೆ. ಮುಂದೆ ಆ ಸೊನ್ನೆಯ ಜಾಗದಲ್ಲಿ ತಿಗಣೆ ಸಿಕ್ಕರೆ ಮಾತ್ರ ವಿಸ್ತರಣೆಯ ಮಾತಾಡಲು ಆಧಾರ.

ಈ ಕುಟುಂಬದವು ಮೊಟ್ಟೆಯನ್ನು ಸಸ್ಯದ ಅಂಗಾಂಶದೊಳಗೇ ತೂರಿಸಿ ಇಡುವುದರಿಂದ, ಹೊರಗಿನಿಂದ ತಂದು ಹಾಸುವ ಲಾನಿನ ಹುಲ್ಲುಹಾಸಿನ ಮೇಲೆ ನನಗೊಂದು ಅನುಮಾನವಿದೆ: ಹುಲ್ಲಿನೊಳಗಿನ ಮೊಟ್ಟೆಯೂ ಅದರ ಜೊತೆಗೇ ಬರುತ್ತಿರಬಹುದು. ಹೊಸ ರೆಸಾರ್ಟುಗಳ ಲಾನನ್ನೂ ಅದರ ಪಕ್ಕದ ಬೇಣವನ್ನೂ ಈಗ ಬೇರೆಬೇರೆಯಾಗಿ ದಾಖಲಿಸುತ್ತಿದ್ದೇನೆ.