ಫೋಲೇಟ್ ಲೈಪೊಸೋಮ್: ಅಳತೆ, ಬಿಸಿ ಮತ್ತು ಮೀಡಿಯಂ

ಲೈಪೊಸೋಮ್ ಎಂದರೆ ಲಿಪಿಡ್ (ಕೊಬ್ಬಿನಂಥ ಅಣು) ಪದರದಿಂದಾದ ಸೂಕ್ಷ್ಮ ಚೀಲ. ಫೋಲೇಟ್ (ಒಂದು ಬಿ ವಿಟಮಿನ್) ಹಿಡಿಯುವ ರಿಸೆಪ್ಟರ್ ಹೆಚ್ಚಿರುವ ಕೆಬಿ ಎಂಬ ಕ್ಯಾನ್ಸರ್ ಕೋಶಗಳೊಳಗೆ ಅದರ ಮೂಲಕ ಕ್ಯಾಲ್ಸೀನ್ ಎಂಬ ಹಸಿರಾಗಿ ಹೊಳೆಯುವ ಬಣ್ಣವನ್ನು ಸಾಗಿಸಲು ಬೆಳಗಾವಿಯ ನಮ್ಮ ಲ್ಯಾಬಿನಲ್ಲಿ 1 ಮಿ.ಲೀ.ಗೆ ಹಾಕುವ ಅಳತೆ ಹೀಗಿದೆ: ಎಚ್‌ಎಸ್‌ಪಿಸಿ (ಸೋಯಾದಿಂದ ಬರುವ ಲಿಪಿಡ್) 8.6 ಮಿ.ಗ್ರಾಂ, ಕೊಲೆಸ್ಟರಾಲ್ 3.1, ಪೆಗ್2000-ಡಿಎಸ್‌ಪಿಇ (ಪೆಗ್ ಎಂಬ ಪಾಲಿಮರ್ ಎಳೆ ಅಂಟಿಸಿದ ಲಿಪಿಡ್; ಸಂಖ್ಯೆ ಎಳೆಯ ಅಣುತೂಕ) 2.6, ಫೋಲೇಟ್-ಪೆಗ್3350-ಡಿಎಸ್‌ಪಿಇ 0.27. ಫೋಲೇಟ್ ಕೂತಿರುವ ಪೆಗ್ ಎಳೆ ಸುತ್ತಲಿನ ಎಳೆಗಳಿಗಿಂತ ಉದ್ದವೇ ಇರಬೇಕು. ಎರಡೂ 2000 ಆದರೆ ಫೋಲೇಟ್ ಪೊದೆಯೊಳಗೆ ಹುದುಗಿ ರಿಸೆಪ್ಟರಿನ ಕೈಗೆ ಸರಿಯಾಗಿ ಸಿಗುವುದಿಲ್ಲ.

ಜುಲೈ ಮಳೆಯಲ್ಲಿ ಇಲ್ಲಿ ಗಾಳಿಯೇ ಒದ್ದೆ. ಫ್ರೀಜರಿನಿಂದ ತೆಗೆದ ಲಿಪಿಡ್ ಬಾಟಲಿಯನ್ನು ತಣುಪು ಆರುವ ಮೊದಲೇ ತೆರೆದರೆ ಪುಡಿ ನೀರು ಹೀರಿ ಅಂಟಂಟಾಗುತ್ತದೆ, ತೂಕವೂ ತಪ್ಪುತ್ತದೆ. ಅರ್ಧ ಗಂಟೆ ಕಾಯುತ್ತೇವೆ.

ಲಿಪಿಡ್‌ಗಳನ್ನು ಕ್ಲೋರೋಫಾರ್ಮ್-ಮೆಥನಾಲ್ 2:1ರಲ್ಲಿ ಕರಗಿಸಿ, ರೋಟರಿ ಇವ್ಯಾಪೊರೇಟರಿನಲ್ಲಿ 40 ಡಿಗ್ರಿಗೆ ಆವಿ ಮಾಡಿ, ರಾತ್ರಿಯಿಡೀ ವ್ಯಾಕ್ಯೂಮಿನಲ್ಲಿ ಇಡುತ್ತೇವೆ. ಒಣಗಿ ಉಳಿದ ಪದರದಲ್ಲಿ ಹಳದಿ ಚುಕ್ಕೆ ಕಂಡರೆ ಫೋಲೇಟ್ ಲಿಪಿಡ್ ಕರಗದೆ ಉಳಿದಿದೆ ಎಂದರ್ಥ. ಮೆಥನಾಲ್ ಹಾಕಿ ಮತ್ತೆ ಶುರುಮಾಡಿ. ಆಮೇಲೆ ಪಿಎಚ್ 7.4ಕ್ಕೆ ತಂದ 80 ಮಿಲಿಮೋಲಾರ್ ಕ್ಯಾಲ್ಸೀನ್ 1 ಮಿ.ಲೀ. ಸುರಿದು 65 ಡಿಗ್ರಿಯಲ್ಲಿ ಒಂದು ಗಂಟೆ ತಿರುಗಿಸಬೇಕು. ಎರಡು ಸಿರಿಂಜುಗಳ ನಡುವಿನ 100 ನ್ಯಾನೋಮೀಟರ್ ರಂಧ್ರದ ಪಾಲಿಕಾರ್ಬೊನೇಟ್ ಮೆಂಬ್ರೇನಿನಲ್ಲಿ 21 ಸಲ ಹಾಯಿಸುವಾಗಲೂ ಅದೇ ಬಿಸಿ ಬೇಕು. ಸಿರಿಂಜ್ ಹಿಡಿದ ಬಿಸಿ ಬ್ಲಾಕ್ 50 ಡಿಗ್ರಿಗಿಂತ ಕೆಳಗಿಳಿದರೆ ಲಿಪಿಡ್ ಗಟ್ಟಿಯಾಗಿ ಸಿರಿಂಜ್ ಕಚ್ಚಿಕೊಳ್ಳುತ್ತದೆ, ಒತ್ತಿದರೆ ಮೆಂಬ್ರೇನ್ ಹರಿಯುತ್ತದೆ. ಬೆಸಸಂಖ್ಯೆ ಏಕೆಂದರೆ ಕೊನೆಗೆ ದ್ರಾವಣ ಎದುರಿನ ಸಿರಿಂಜಿನಲ್ಲಿ ನಿಲ್ಲಬೇಕು, ಸೋಸದ ಚೂರು ಹಿಂದೆಯೇ ಉಳಿಯಬೇಕು.

ಹೊರಗುಳಿದ ಕ್ಯಾಲ್ಸೀನನ್ನು ಸೆಫಡೆಕ್ಸ್ ಜಿ-50 (ಜೆಲ್ ಮಣಿಗಳ) ಕಾಲಮ್ ಬೇರ್ಪಡಿಸುತ್ತದೆ. ಲೈಪೊಸೋಮಿನ ಪಟ್ಟಿ (ಒತ್ತಾದ ಕ್ಯಾಲ್ಸೀನಿನಿಂದ ಕಿತ್ತಳೆ) ಮೊದಲು ಇಳಿಯುತ್ತದೆ. ಕಾಲಮ್ ಬಫರಿನ ಆಸ್ಮೊಲಾಲಿಟಿಯನ್ನು (ಕರಗಿದ ಕಣಗಳ ಸಾಂದ್ರತೆ) ಉಪ್ಪು ಹಾಕಿ ಕ್ಯಾಲ್ಸೀನಿಗೆ ಸರಿಹೊಂದಿಸದಿದ್ದರೆ ನೀರು ಒಳನುಗ್ಗಿ ಲೈಪೊಸೋಮ್ ಸೋರುತ್ತದೆ. 4 ಡಿಗ್ರಿಯಲ್ಲಿಡಿ, ಹೆಪ್ಪುಗಟ್ಟಲು ಬಿಡಬೇಡಿ.

ಹೆಚ್ಚಿನವರು ಎಡವುವುದು ಕೋಶದ ಹಂತದಲ್ಲಿ. ಕೋಶ ಬೆಳೆಸುವ ಮಾಮೂಲಿ ಮೀಡಿಯಂ (ಪೋಷಕ ದ್ರವ) ಆದ ಆರ್‌ಪಿಎಂಐ-1640ರಲ್ಲಿ ಲೀಟರಿಗೆ 1 ಮಿ.ಗ್ರಾಂ ಫೋಲಿಕ್ ಆಸಿಡ್ (ಫೋಲೇಟಿನದೇ ರೂಪ) ಇರುತ್ತದೆ, ಅಂದರೆ 2 ಮೈಕ್ರೋಮೋಲಾರಿಗಿಂತ ಹೆಚ್ಚು. ರಿಸೆಪ್ಟರ್ ತುಂಬಲು ನ್ಯಾನೋಮೋಲಾರ್ ಪ್ರಮಾಣವೇ ಸಾಕಾದ್ದರಿಂದ ಲೈಪೊಸೋಮ್ ಬರುವಷ್ಟರಲ್ಲಿ ಜಾಗ ಖಾಲಿ ಇರುವುದಿಲ್ಲ. ಎಷ್ಟು ಚೆನ್ನಾಗಿ ತಯಾರಿಸಿದರೂ ಫಲಿತಾಂಶ ಸೊನ್ನೆ. ಕೋಶಗಳನ್ನು ಎರಡು ವಾರವಾದರೂ ಫೋಲೇಟ್ ಇಲ್ಲದ ಮೀಡಿಯಂನಲ್ಲಿ ಬೆಳೆಸಿ. ಸೀರಮ್ಮಿನಲ್ಲಿರುವ ಫೋಲೇಟ್ ಅವುಗಳಿಗೆ ಸಾಕು.

ಮೂರು ಕಂಟ್ರೋಲ್ (ಹೋಲಿಕೆಯ ಗುಂಪು) ಬಿಡಲೇಬಾರದು: ಫೋಲೇಟ್ ಇಲ್ಲದ ಲೈಪೊಸೋಮ್, ರಿಸೆಪ್ಟರ್ ತೀರ ಕಡಿಮೆಯಿರುವ ಎ549 ಎಂಬ ಶ್ವಾಸಕೋಶ ಕ್ಯಾನ್ಸರ್ ಕೋಶ, ಮತ್ತು 1 ಮಿಲಿಮೋಲಾರ್ ಬಿಡಿ ಫೋಲಿಕ್ ಆಸಿಡ್ ಬೆರೆಸಿದ ಗುಂಪು. ಮೂರನೆಯದರಲ್ಲಿ ಹೊಳಪು ಕುಸಿಯದಿದ್ದರೆ ಲೈಪೊಸೋಮ್ ಸುಮ್ಮನೆ ಅಂಟಿದೆ, ಗುರಿ ಹಿಡಿದಿಲ್ಲ. ಮೈಕ್ರೋಸ್ಕೋಪಿನಲ್ಲಿ ನ್ಯೂಕ್ಲಿಯಸ್ ಸುತ್ತ ಹಸಿರು ಚುಕ್ಕೆಗಳಷ್ಟೇ ಕಂಡರೆ ಬಣ್ಣ ಇನ್ನೂ ಎಂಡೊಸೋಮಿನೊಳಗೇ (ಕೋಶ ನುಂಗಿದ್ದನ್ನು ಹಿಡಿದಿಡುವ ಚೀಲ) ಸಿಕ್ಕಿಕೊಂಡಿದೆ. ಅಲ್ಲಿಂದ ಪಾರಾದರೆ ಮಾತ್ರ ಇಡೀ ಕೋಶ ಒಂದೇ ಸಮನೆ ಹೊಳೆಯುತ್ತದೆ.