ಅಪಾಯ ಇರುವ ಒಳ್ಳೆ ಕೆಲಸವನ್ನು ಒಪ್ಪಂದವಾದದ ತಕ್ಕಡಿಗೆ ಹಾಕೋದು ಹೇಗೆ? ಒಪ್ಪಂದವಾದ ಅಂದರೆ, ಒಂದು ಕೆಲಸ ಸರಿ ಅನ್ನಬೇಕಾದರೆ ಅದು ತಟ್ಟುವ ಪ್ರತಿಯೊಬ್ಬರಿಗೂ ಅದನ್ನು ಸಮರ್ಥಿಸೋಕಾಗಬೇಕು ಅನ್ನುವ ನೀತಿ ಸಿದ್ಧಾಂತ.

ಪೋಲಿಯೊ ಹನಿಯಿಂದ ಶುರು ಮಾಡಿ. ಆ ಹನಿಯಿಂದಲೇ ಕಾಲು ಸ್ವಾಧೀನ ತಪ್ಪಬಹುದು, ಸುಮಾರು 27 ಲಕ್ಷ ಡೋಸ್‌ಗೆ ಒಂದು ಮಗುವಿಗೆ. ಕೋಟಿಗಟ್ಟಲೆ ಮಕ್ಕಳಿಗೆ ಹಾಕಿದರೆ ಯಾರೋ ಕೆಲವರಿಗೆ ಹಾಗಾಗುತ್ತದೆ ಅಂತ ಗೊತ್ತಿದ್ದೇ ಹಾಕುತ್ತೇವೆ, ಅಲ್ವಾ?

"ಉಳಿದವರೇ ಜಾಸ್ತಿ" ಅಂತ ಸುಮ್ನೆ ಕೂಡಿ ಕಳೆದು ಮುಗಿಸಬೇಡಿ. ಒಪ್ಪಂದವಾದದಲ್ಲಿ, ಅದರಲ್ಲೂ ತತ್ವಜ್ಞಾನಿ ಟಿ. ಎಂ. ಸ್ಕ್ಯಾನ್ಲನ್ 1998ರಲ್ಲಿ ಮಂಡಿಸಿದ ರೀತಿಯಲ್ಲಿ, ಹತ್ತು ಜನರ ದೂರನ್ನು ಒಟ್ಟುಗೂಡಿಸಿ ಒಬ್ಬನ ದೂರನ್ನು ಮುಚ್ಚುವ ಹಾಗಿಲ್ಲ. ಪ್ರತಿಯೊಬ್ಬರೂ ತಮ್ಮ ಪರವಾಗಿ ತಾವೇ ಮಾತಾಡುತ್ತಾರೆ. ಯಾರೂ ನ್ಯಾಯವಾಗಿ ತಳ್ಳಿಹಾಕಲಾಗದ ನಿಯಮ ಮಾತ್ರ ಪಾಸ್.

ಹಾಗಾದರೆ ಆ ದೂರನ್ನು ಯಾವಾಗ ಕೇಳುತ್ತೀರಿ? ಗಲಾಟೆ ಇರೋದೆಲ್ಲ ಇಲ್ಲೇ. ಅನಾಹುತ ಆದ ಮೇಲೆ ಕೇಳಿದರೆ ರಸ್ತೆಗೆ ಒಂದು ಬಸ್ಸೂ ಬಿಡೋಕಾಗಲ್ಲ, ಯಾಕೆಂದರೆ ಸತ್ತವನ ದೂರಿನ ಮುಂದೆ ಯಾರ ಅರ್ಧ ಗಂಟೆ ಉಳಿತಾಯವೂ ನಿಲ್ಲುವುದಿಲ್ಲ. ನನ್ನ ಪ್ರಕಾರ ಮೊದಲೇ ಕೇಳಬೇಕು. ಪೋಲಿಯೊ ಹರಡುತ್ತಿರುವ ಕಡೆ ಯಾವ ಮಗುವಿನ ಪರವಾಗಿ ನಿಂತು ನೋಡಿದರೂ ಹನಿ ಹಾಕಿಸಿಕೊಳ್ಳೋದೇ ಲಾಭ. ಆದರೆ ಈ ಉತ್ತರ ಶಾಶ್ವತ ಅಲ್ಲ. ರೋಗವೇ ಹೋದ ಮೇಲೆ ಉಳಿಯೋದು ಹನಿಯ ಅಪಾಯ ಮಾತ್ರ. ಅಮೆರಿಕ 2000ದಲ್ಲಿ ಹನಿ ಬಿಟ್ಟು ಇಂಜೆಕ್ಷನ್‌ಗೆ ಬಂದಿದ್ದು ಅದಕ್ಕೇ.

ಇಷ್ಟಕ್ಕೇ ನಿಲ್ಲಿಸಿದರೆ ಮೋಸ ಹೋಗುತ್ತೀರಿ. ಒಂದು ಸುರಂಗ ಕೊರೆಯುತ್ತಿದ್ದಾರೆ ಅಂದುಕೊಳ್ಳಿ. "ಒಳಗೆ ಯಾರಾದರೂ ಸಿಕ್ಕಿಕೊಂಡರೂ ಯಂತ್ರ ನಿಲ್ಲಿಸಲ್ಲ, ಬದಲಿಗೆ ಎಲ್ಲರಿಗೂ ಕೂಲಿ ಜಾಸ್ತಿ" ಅಂತ ಮೊದಲೇ ನಿಯಮ ಮಾಡಿದರೆ, ಸಿಕ್ಕಿಕೊಳ್ಳುವ ಸಂಭವ ತೀರಾ ಕಡಿಮೆ ಇರುವುದರಿಂದ ಪ್ರತಿಯೊಬ್ಬ ಕೆಲಸಗಾರನಿಗೂ ಅದು ಲಾಭವೇ ಅನ್ನಿಸಬಹುದು. ಆದರೆ ಒಬ್ಬ ನಿಜಕ್ಕೂ ಸಿಕ್ಕಿಕೊಂಡ, ಒಳಗಿಂದ ಕೂಗುತ್ತಿದ್ದಾನೆ, ಯಂತ್ರದ ಗುಂಡಿ ನಿಮ್ಮ ಕೈಯಲ್ಲಿದೆ. ಆಗ ಅವನಿಗೆ ಏನು ಹೇಳುತ್ತೀರಿ? ತತ್ವಜ್ಞಾನಿ ಜೊಹಾನ್ ಫ್ರಿಕ್ 2015ರಲ್ಲಿ ಹೇಳಿದ್ದು ಇದನ್ನೇ: ಕೆಲಸವನ್ನು ಹಂತ ಹಂತವಾಗಿ ಬಿಡಿಸಿ, ಪ್ರತಿ ಹಂತದಲ್ಲೂ ಅಲ್ಲಿರುವವರಿಗೆ ಸಮರ್ಥನೆ ಕೊಡೋಕಾಗುತ್ತಾ ನೋಡಿ. ಹನಿಯಲ್ಲಿ, ಇಂಥ ಮಗುವಿಗೇ ತೊಂದರೆ ಆಗುತ್ತದೆ ಅಂತ ಗೊತ್ತಿದ್ದೂ ಮುಂದುವರಿಯುವ ಹಂತವೇ ಬರೋದಿಲ್ಲ. ಸುರಂಗದಲ್ಲಿ ಬರುತ್ತದೆ.

ಕೊನೆಗೆ, ಅಪಾಯ ಯಾರಿಗೆ, ಲಾಭ ಯಾರಿಗೆ ಅಂತ ನೋಡಿ. ಕಾರ್ಖಾನೆ ಪಕ್ಕದ ಮನೆಯವರು ಹೊಗೆ ಕುಡಿದು, ದೂರದವರು ಸುಖಪಟ್ಟರೆ "ನಿಮಗೂ ಲಾಭ" ಅನ್ನುವ ಮಾತು ಆ ಮನೆಯ ಬಾಗಿಲಲ್ಲಿ ನಡೆಯಲ್ಲ. ಅಲ್ಲಿ ಮೊದಲು ಹೊಗೆ ಎಷ್ಟು ಇಳಿಸೋಕಾಗುತ್ತೆ, ಅವರಿಗೆ ಏನು ಕೊಡೋಕಾಗುತ್ತೆ ನೋಡಿಕೊಂಡು, ಆಮೇಲೆ ಬಾಗಿಲು ತಟ್ಟಿ.